ಪದ ಪರಿಚಯ: ಸ್ಪ್ರಿಂಗ್ ಬ್ರೇಕ್ ಚೇಂಬರ್

ಲಾರಿಯ ಹಿಂದಿನ ಚಕ್ರದ ಬಳಿ ಬಗ್ಗಿ ನೋಡಿ. ಎರಡು ಡಬ್ಬಿಗಳನ್ನು ಬೆನ್ನಿಗೆ ಬೆನ್ನು ಸೇರಿಸಿದಂಥ ದುಂಡನೆಯ ಭಾಗವೊಂದು ಆಕ್ಸಲ್ ಮೇಲೆ ಕಾಣುತ್ತದೆ. ಅದಕ್ಕೆ ಎರಡು ಏರ್ ಪೈಪು ಬಂದು ಸೇರಿರುತ್ತವೆ. ಅದೇ ಸ್ಪ್ರಿಂಗ್ ಬ್ರೇಕ್ ಚೇಂಬರ್. ಗ್ಯಾರೇಜಿನಲ್ಲಿ ಬೂಸ್ಟರ್ ಅಂತಲೂ ಕರೆಯುತ್ತಾರೆ. ತುಮಕೂರಿನಿಂದ ಶಿರಾ ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಗಲು ರಾತ್ರಿ ಓಡುವ ದೊಡ್ಡ ಲಾರಿಗಳು ನಿಲ್ಲುವುದು ಇದರ ಬಲದಿಂದ. ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಆಕ್ಸಲ್ಲಿನ ಹೊರಕವಚ, ಬದಲಿಸುವಾಗ ಜಾಸ್ತಿ ಎಚ್ಚರ ಬೇಕಾದ ಜಾಗವೂ ಇದೇ.

ಒಳಗೆ ಎರಡು ಕೋಣೆ ಇವೆ. ಒಂದು ಸರ್ವಿಸ್ ಕೋಣೆ. ಪೆಡಲ್ ತುಳಿದರೆ ಇದಕ್ಕೆ ಗಾಳಿ ನುಗ್ಗುತ್ತದೆ. ಡಯಾಫ್ರಾಂ ಎಂಬ ರಬ್ಬರ್ ಪರದೆ ರಾಡನ್ನು ಹೊರಗೆ ತಳ್ಳುತ್ತದೆ, ರಾಡು ತನ್ನ ತುದಿಗೆ ಸೇರಿದ ಸನ್ನೆಯಂಥ ಸ್ಲ್ಯಾಕ್ ಅಡ್ಜಸ್ಟರನ್ನು ತಿರುಗಿಸುತ್ತದೆ, ಲೈನರ್ (ಬ್ರೇಕಿನ ಉಜ್ಜುವ ಪಟ್ಟಿ) ಹೋಗಿ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒತ್ತಿಕೊಳ್ಳುತ್ತದೆ. ಇನ್ನೊಂದು ಕೋಣೆಯಲ್ಲಿ ದಪ್ಪ ಸ್ಪ್ರಿಂಗ್ ಇದೆ. ಅದರ ಲೆಕ್ಕವೇ ಉಲ್ಟಾ. ಗಾಳಿ ತುಂಬಿದರೆ ಸ್ಪ್ರಿಂಗ್ ಅದುಮಿಕೊಂಡು ಬ್ರೇಕ್ ಬಿಡುತ್ತದೆ. ಗಾಳಿ ಹೋದರೆ ಸ್ಪ್ರಿಂಗ್ ಚಾಚಿ ಬ್ರೇಕ್ ಹಿಡಿಯುತ್ತದೆ. ಪೂರ್ತಿ ಬಿಡಲು ಸಾಮಾನ್ಯವಾಗಿ 5 ಬಾರ್ ಆಸುಪಾಸು ಒತ್ತಡ ಬೇಕು. ಹ್ಯಾಂಡ್ ಬ್ರೇಕ್ ಹಾಕಿದಾಗ ‘ಬುಸ್’ ಅಂತ ಕೇಳುತ್ತದಲ್ವಾ, ಅದು ಈ ಕೋಣೆಯ ಗಾಳಿ ಹೊರಗೆ ಹೋಗುವ ಸದ್ದು. ದಾರಿಯಲ್ಲಿ ಪೈಪು ಒಡೆದು ಗಾಳಿ ಖಾಲಿಯಾದರೂ ಗಾಡಿ ತಾನಾಗೇ ಹಿಡಿದು ನಿಲ್ಲಲಿ ಎಂದು ಹೀಗೆ ಮಾಡಿದ್ದಾರೆ. ಬ್ರೇಕಿನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಏರ್ಪಾಡು ಇದು.

ಅಂದರೆ ಒಂದು ಪೈಪಿನ ಗಾಳಿ ಬ್ರೇಕ್ ಹಿಡಿಸುತ್ತದೆ, ಇನ್ನೊಂದರದ್ದು ಬಿಡಿಸುತ್ತದೆ. ಹೌಸಿಂಗ್ ಇಳಿಸಿ ಬೇರೆಯದನ್ನು ಏರಿಸುವಾಗ ಗ್ರೀಸು, ಮಣ್ಣು ಮೆತ್ತಿದ ಪೈಪುಗಳೆಲ್ಲ ಒಂದೇ ಥರ ಕಾಣುತ್ತವೆ. ನಟ್ಟು ಎರಡೂ ಕಡೆ ಕೂರುತ್ತದೆ, ಏರ್ ಲೀಕೂ ಇರುವುದಿಲ್ಲ. ಆದರೆ ಅದಲು ಬದಲಾಗಿದ್ದರೆ ಹ್ಯಾಂಡ್ ಬ್ರೇಕ್ ಬಿಟ್ಟಾಗ ಗಾಳಿ ಸರ್ವಿಸ್ ಕೋಣೆಗೆ ಹೋಗುತ್ತದೆ, ಚಕ್ರ ಬಿಡುವುದೇ ಇಲ್ಲ. ಇಷ್ಟಾದರೆ ಪರವಾಗಿಲ್ಲ, ಗಾಡಿ ಕದಲದೆ ತಪ್ಪು ಗೊತ್ತಾಗುತ್ತದೆ. ಭಯ ಇರುವುದು ಇನ್ನೊಂದು ಕಡೆ. ಇಳಿಜಾರಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನಿಂತಿರುವಾಗ ಪೆಡಲ್ ತುಳಿದರೆ ಗಾಳಿ ಸ್ಪ್ರಿಂಗ್ ಕೋಣೆಗೆ ಹೋಗಿ, ಹಿಡಿದಿದ್ದ ಹಿಂದಿನ ಬ್ರೇಕ್ ಬಿಟ್ಟುಬಿಡುತ್ತದೆ. ನಿಲ್ಲಿಸೋಣ ಎಂದು ತುಳಿದ ಕಾಲೇ ಗಾಡಿಯನ್ನು ಸಡಿಲ ಬಿಟ್ಟಂತೆ.

ಹಾಗಾಗಿ ಬಿಚ್ಚುವ ಮೊದಲೇ ಒಂದೊಂದು ಪೈಪಿಗೂ ಗುರುತು ಕಟ್ಟಿ. ಬಣ್ಣವನ್ನು ನಂಬಬೇಡಿ, ಹಿಂದೆ ಯಾರು ಯಾವ ಪೈಪು ಹಾಕಿದ್ದರೋ. ಚೇಂಬರ್ ಮೈಮೇಲೆ, ಪೈಪು ಕೂರುವ ತೂತಿನ ಪಕ್ಕ ಹಲವು ಕಡೆ ನಂಬರ್ ಅಚ್ಚಾಗಿರುತ್ತದೆ: 11 ಎಂದರೆ ಸರ್ವಿಸ್, 12 ಎಂದರೆ ಪಾರ್ಕಿಂಗ್, ಅಂದರೆ ಸ್ಪ್ರಿಂಗ್ ಕೋಣೆ. ತಂತಿ ಬ್ರಷ್ಷಿನಿಂದ ಮಣ್ಣು ಉಜ್ಜಿದರೆ ಕಾಣುತ್ತದೆ. ಜೋಡಿಸಿದ ಮೇಲೆ ಚಕ್ರಗಳಿಗೆ ಕಟ್ಟೆ ಕೊಟ್ಟು, ಗಾಳಿ ತುಂಬಿಸಿ, ಒಬ್ಬರು ಕ್ಯಾಬಿನ್‌ನಲ್ಲಿ ಕೂತು ಇನ್ನೊಬ್ಬರು ಪಕ್ಕದಿಂದ ರಾಡು ನೋಡಬೇಕು. ಹ್ಯಾಂಡ್ ಬ್ರೇಕ್ ಬಿಟ್ಟರೆ ರಾಡು ಒಳಗೆ ಹೋಗಬೇಕು. ಆಮೇಲೆ ಪೆಡಲ್ ತುಳಿದರೆ ಹೊರಗೆ ಬರಬೇಕು. ಎರಡೂ ಬದಿ ನೋಡಿ. ಜಾಯಿಂಟುಗಳಿಗೆ ಸೋಪು ನೀರು ಹಚ್ಚಿದರೆ ಸಣ್ಣ ಲೀಕೂ ಗುಳ್ಳೆಯಲ್ಲಿ ಗೊತ್ತಾಗುತ್ತದೆ.

ಸ್ಪ್ರಿಂಗ್ ಕೋಣೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಜೀವವೇ ಹೋಗುತ್ತದೆ. ಗಾಳಿ ಇಲ್ಲದೆ ಬ್ರೇಕ್ ಬಿಡಿಸಬೇಕಾದರೆ ಅದಕ್ಕೆಂದೇ ರಿಲೀಸ್ ಬೋಲ್ಟ್ ಇದೆ, ಸ್ಪ್ರಿಂಗನ್ನು ಹಿಂದಕ್ಕೆ ಎಳೆದು ಕಟ್ಟುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮರಳಿ ಸಡಿಲಿಸಲೇಬೇಕು. ಇಲ್ಲದಿದ್ದರೆ ಆ ಚಕ್ರಕ್ಕೆ ಹ್ಯಾಂಡ್ ಬ್ರೇಕೇ ಇರುವುದಿಲ್ಲ.

ಬೇರೆ ಮಾಡೆಲ್‌ನ ಹೌಸಿಂಗ್ ಹಾಕಿದ್ದರೆ ಹೋಸಿನ (ಬಾಗುವ ಏರ್ ಪೈಪಿನ) ಉದ್ದವನ್ನೂ ನೋಡಿ. ಛಾಸಿ ಮತ್ತು ಆಕ್ಸಲ್ ನಡುವಿನ ಅಂತರ ಓಡುವಾಗೆಲ್ಲ ಬದಲಾಗುತ್ತಿರುತ್ತದೆ. ಚಕ್ರ ಗುಂಡಿಗೆ ಇಳಿದಾಗ ಹೋಸು ಬಿಗಿಯಾಗುತ್ತದೆ. ಲೋಡ್ ಬಿದ್ದಾಗ ಜೋತು ಬಿದ್ದು ಟೈರಿಗೋ, ಎಂಜಿನ್ ಬಲವನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲರ್ ಶಾಫ್ಟಿಗೋ ಉಜ್ಜುತ್ತದೆ. ಖಾಲಿ ಗಾಡಿಯಲ್ಲಿ ಸರಿ ಕಂಡರೂ ಮೊದಲ ಲೋಡ್ ಹಾಕಿದ ಮೇಲೆ ಇನ್ನೊಮ್ಮೆ ಕೆಳಗೆ ಬಗ್ಗಿ ನೋಡಿ.