ಹೀರೋ ಮುಖವೇ ಇಲ್ಲದ ಸಿನಿಮಾ ಪೋಸ್ಟರ್

ಕ್ಯೂಬಾದ ಹಳೇ ಸಿನಿಮಾ ಪೋಸ್ಟರ್ ತೋರಿಸಿ ‘ನಮಗೂ ಇದೇ ಥರ ಮಾಡಿಕೊಡಿ’ ಅನ್ನುವ ಕ್ಲೈಂಟ್‌ಗಳು ಆಗಾಗ ಸಿಗುತ್ತಾರೆ. ಸ್ಕೆಚ್ ಕೊಟ್ಟ ಕೂಡಲೇ ಹೀರೋ ಫೋಟೋ ಎಲ್ಲಿ ಅಂತ ಕೇಳುವವರೂ ಅವರೇ!

ಫಿಡೆಲ್ ಕ್ಯಾಸ್ಟ್ರೋನ ಕ್ರಾಂತಿಗೆ ಸೋತು 1959ರ ಹೊಸ ವರ್ಷದ ದಿನ ಕ್ಯೂಬಾದ ಸರ್ವಾಧಿಕಾರಿ ಬತಿಸ್ತಾ ದೇಶ ಬಿಟ್ಟು ಓಡಿದ. ಮಾರ್ಚ್‌ನಲ್ಲೇ ಹೊಸ ಸರ್ಕಾರ ಇಕೈಕ್ ಎಂಬ ಸಿನಿಮಾ ಸಂಸ್ಥೆ ಶುರು ಮಾಡಿತು. ಕ್ರಮೇಣ ಸಿನಿಮಾ ತೆಗೆಯೋದು, ಹಂಚೋದು ಎಲ್ಲ ಅದರ ಕೈಗೇ ಬಂತು. ಪೈಪೋಟಿ ಇಲ್ಲ, ಟಿಕೆಟ್ ಮಾರುವ ಒತ್ತಡವೂ ಅಷ್ಟಿಲ್ಲ, ಹಾಗಾಗಿ ನಟನ ಮುಖ ದೊಡ್ಡದಾಗಿ ಹಾಕಿ ಅಂತ ಡಿಸೈನರ್ ತಲೆ ಮೇಲೆ ಕೂರುವವರೂ ಇಲ್ಲ. ಅಲ್ಲಿನ ಡಿಸೈನರ್ ರೆನೆ ಅಸ್ಕುಯ್ 1970ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋನ ಸಿನಿಮಾಕ್ಕೆ ಮಾಡಿದ ಪೋಸ್ಟರ್ ನೋಡಿ. ಕಪ್ಪು-ಬಿಳಿ ಚಿತ್ರ, ತುಟಿ ಮಾತ್ರ ಕೆಂಪು. ಮುಗೀತು.

ಇವೆಲ್ಲ ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಜಾಲರಿ ಬಟ್ಟೆಯ ಮೂಲಕ ಇಂಕು ಎಳೆದು ಒತ್ತೋದು. ಬಣ್ಣ ಬೇಡದ ಜಾಗ ಮುಚ್ಚುವ ಸ್ಟೆನ್ಸಿಲ್ ಕೈಯಲ್ಲೇ ಕತ್ತರಿಸಬೇಕು. ಒಂದೊಂದು ಬಣ್ಣಕ್ಕೂ ಬೇರೆ ಸ್ಟೆನ್ಸಿಲ್, ಒಂದು ಬಣ್ಣ ಎಳೆದು ಒಣಗಿಸಿ ಆಮೇಲೆ ಇನ್ನೊಂದು, ಸ್ವಲ್ಪ ಜರುಗಿದರೂ ಅಂಚಲ್ಲಿ ಬಿಳಿ ಗೆರೆ ಇಣುಕುತ್ತದೆ. 1962ರಿಂದ ಅಮೆರಿಕದ ವ್ಯಾಪಾರ ನಿರ್ಬಂಧ ಬೇರೆ, ಇಂಕಿಗೂ ಕಾಗದಕ್ಕೂ ತತ್ವಾರ. ಈ ಬಡತನವೇ ಆ ಕಲೆ ಹುಟ್ಟಿಸಿತು ಅಂತ ಸುಮಾರು ಜನ ಹೇಳುತ್ತಾರೆ. ನನ್ನ ಪ್ರಕಾರ ಅದು ಅರ್ಧ ಸತ್ಯ. ಸಾಮಾನಿಲ್ಲದ ಪ್ರೆಸ್‌ಗಳು ಎಲ್ಲ ಊರಲ್ಲೂ ಇರುತ್ತವೆ, ಅಲ್ವಾ? ಅಲ್ಲಿ ಜಾಸ್ತಿ ಕೆಲಸ ಮಾಡಿದ್ದು ಡಿಸೈನರ್‌ಗೆ ಸಿಕ್ಕ ಸಲಿಗೆ.

ಆದರೆ ಮಾಲೀಕ ಒಬ್ಬನೇ ಆದಾಗ ಬಾಗಿಲು ಹಾಕುವವನೂ ಅವನೇ. 1961ರಲ್ಲಿ ಹವಾನಾದ ರಾತ್ರಿ ಬದುಕು, ಬಾರು, ಕುಣಿತ ತೋರಿಸಿದ ಒಂದು ಕಿರುಚಿತ್ರಕ್ಕೆ ಇದೇ ಇಕೈಕ್ ಪ್ರದರ್ಶನದ ಅನುಮತಿ ಕೊಡಲಿಲ್ಲ. ಗಲಾಟೆಯಾಯಿತು. ಜೂನ್‌ನಲ್ಲಿ ಫಿಡೆಲ್ ಕ್ಯಾಸ್ಟ್ರೋ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬರಹಗಾರರು, ಕಲಾವಿದರನ್ನು ಕೂರಿಸಿಕೊಂಡು, ಕ್ರಾಂತಿಯ ಒಳಗೆ ಎಲ್ಲವೂ ಸರಿ, ಅದರ ವಿರುದ್ಧ ಏನೂ ನಡೆಯದು ಎಂದ. ಯಾವುದು ಒಳಗೆ, ಯಾವುದು ವಿರುದ್ಧ ಅಂತ ತೀರ್ಮಾನಿಸುವವರು ಯಾರು ಎಂಬುದನ್ನು ಆ ಮಾತು ಹೇಳಲಿಲ್ಲ. ಸರ್ಕಾರವನ್ನು ಟೀಕಿಸಿದ ಕವಿ ಎಬೆರ್ತೊ ಪಡಿಯಾನನ್ನು 1971ರಲ್ಲಿ ಬಂಧಿಸಿದಾಗ ಅದು ಎಲ್ಲರಿಗೂ ಅರ್ಥವಾಯಿತು.

ಅಂದಹಾಗೆ, ಹವಾನಾಕ್ಕೆ ಹೋಗಿ ಪೋಸ್ಟರ್ ಕೊಳ್ಳುವುದಿದ್ದರೆ ಭೂತಗನ್ನಡಿ ಇಟ್ಟುಕೊಳ್ಳಿ. ಬಣ್ಣದೊಳಗೆ ಸಣ್ಣ ಸಣ್ಣ ಚುಕ್ಕೆ ಕಂಡರೆ ಅದು ಮಷಿನ್ ಕಾಪಿ. ಸ್ಕ್ರೀನ್ ಪ್ರಿಂಟ್ ಆದರೆ ಬಣ್ಣ ಒಂದೇ ಸಮ ಗಟ್ಟಿಯಾಗಿ ಕೂತಿರುತ್ತದೆ, ಅಂಚು ಬೆರಳಿಗೂ ತಾಗುತ್ತದೆ. ಹಾಗಿದ್ದರೂ ಹಳೇದೇ ಅಂತ ನಂಬಬೇಡಿ, ಹಳೇ ಡಿಸೈನನ್ನು ಈಗಲೂ ಕೈಯಲ್ಲಿ ಒತ್ತುತ್ತಾರೆ.