ಸಿದ್ದಿ ಕೌದಿ: ಗುರುತು ಇರುವುದು ಹೊಲಿಯುವ ಕ್ರಮದಲ್ಲಿ

ಉಡುಪು, ವಿನ್ಯಾಸ ಮತ್ತು ಸಾಂಸ್ಕೃತಿಕ ಗುರುತು ಎಂಬ ಪಾಠಕ್ಕೆ ಪ್ರಬಂಧ ಬರೆಯಲು ಉತ್ತರ ಕನ್ನಡದ ಉದಾಹರಣೆ ಕೇಳಿದರೆ ಮೊದಲು ನೆನಪಾಗುವವರು ಹಾಲಕ್ಕಿ ಒಕ್ಕಲಿಗರು. ಕುಪ್ಪಸವಿಲ್ಲದೆ ಉಟ್ಟ ಸೀರೆ, ಕೊರಳು ತುಂಬ ಮಣಿಸರ. ಅಂಕೋಲಾ ತಾಲೂಕಿನ ತುಳಸಿ ಗೌಡರು 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಿದ್ದು ಇದೇ ಉಡುಪಿನಲ್ಲಿ, ಬರಿಗಾಲಲ್ಲಿ. ಇಲ್ಲಿ ಗುರುತು ಮೈಮೇಲೇ ಇದೆ.

ಘಟ್ಟದ ಮೇಲಿನ ಸಿದ್ದಿಯರದು ಬೇರೆ ಕತೆ. ಆಫ್ರಿಕಾದಿಂದ ಬಂದವರ ವಂಶಸ್ಥರಾದ ಇವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಶಿರಸಿ ಕಡೆಯ ಕಾಡಂಚಿನಲ್ಲಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಉಡುವ ಸೀರೆ ನೆರೆಹೊರೆಯವರು ಉಡುವಂಥದ್ದೇ. ಉಡುಪಿನಲ್ಲಿ ಸಿಗದ ಗುರುತು ಸಿಗುವುದು ಹೆಂಗಸರು ಹೊಲಿಯುವ ಕೌದಿಯಲ್ಲಿ. ಅವರು ಅದನ್ನು ಕವಂದಿ ಎನ್ನುತ್ತಾರೆ.

ಹಳೆ ಬಟ್ಟೆಯ ಕೌದಿ ಕರ್ನಾಟಕದ ಉದ್ದಗಲಕ್ಕೂ ಇದೆ. ಹಾಗಾಗಿ “ಇದು ಆಫ್ರಿಕಾದ ಕಲೆ” ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬೇಡಿ. ವಸ್ತು ಎಲ್ಲರದ್ದು, ಕಟ್ಟುವ ರೀತಿ ಸಿದ್ದಿಯರದ್ದು. ಆ ರೀತಿ ಅರ್ಥವಾಗಬೇಕಾದರೆ ಒಮ್ಮೆ ಕೈಯಾರೆ ಹೊಲಿದೇ ನೋಡಬೇಕು.

ತಳಕ್ಕೆ ಹಳೆಯ ಹತ್ತಿ ಸೀರೆ. ಐದೂವರೆ ಮೀಟರಿನ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಸುಮಾರು 6 ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, ಜೊತೆಗೆ ಮೂರು ಪದರ ದಪ್ಪವೂ ಸಿಗುತ್ತದೆ; ದೊಡ್ಡವರೊಬ್ಬರಿಗೆ ಸಾಕು. ಕಲಿಕೆಗೆ 2 ಅಡಿ ಚೌಕ ಎತ್ತಿಕೊಳ್ಳಿ. ತೇಪೆಗಳಿಗೆ ಒಗೆದು ಒಗೆದು ಮೆತ್ತಗಾದ ಬಟ್ಟೆಯೇ ಒಳ್ಳೆಯದು. ಹೊಸ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗಿ ಸುತ್ತಲಿನ ಹೊಲಿಗೆಯನ್ನು ಸುಕ್ಕುಗಟ್ಟಿಸುತ್ತದೆ. ಪಾಲಿಯೆಸ್ಟರಿನಲ್ಲಿ ಉಗುರಿನಿಂದ ಗೀರಿದ ಮಡಿಕೆ ನಿಲ್ಲುವುದಿಲ್ಲ. ಜೀನ್ಸ್ ತುಂಡಿನ ಪಕ್ಕ ತೆಳು ವಾಯ್ಲ್ ಇಟ್ಟರೆ ಭಾರಕ್ಕೆ ವಾಯ್ಲೇ ಹರಿಯುತ್ತದೆ.

ಇನ್ನು ಮುಖ್ಯವಾದ ಭಾಗ. ಸಾಮಾನ್ಯ ತೇಪೆ ಕೆಲಸದಲ್ಲಿ ಮೇಲ್ಪದರವನ್ನು ಪೂರ್ತಿ ಜೋಡಿಸಿ, ಆಮೇಲೆ ತಳಕ್ಕೆ ಸೇರಿಸಿ ಹೊಲಿಯುವುದುಂಟು. ಕವಂದಿಯಲ್ಲಿ ಜೋಡಣೆ, ಹೊಲಿಗೆ ಎರಡೂ ಒಟ್ಟಿಗೇ ನಡೆಯುತ್ತವೆ. ಒಂದು ಮೂಲೆಯಲ್ಲಿ ಶುರು. ತಳದ ಅಂಚನ್ನೂ ತೇಪೆಯ ಹೊರ ಅಂಚನ್ನೂ ಅರ್ಧ ಇಂಚು ಒಳಕ್ಕೆ ಮಡಚಿ ಎದುರುಬದುರು ಕೂಡಿಸಿ, ಅಂಚಿಗೆ ಅಂಟಿದಂತೆ ಓಟುಹೊಲಿಗೆ (ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತ ಹೋಗುವ ನೇರ ಹೊಲಿಗೆ) ಹಾಕಬೇಕು. ಮುಂದಿನ ತೇಪೆಯ ಪಕ್ಕದ ಅಂಚನ್ನು ಮಡಚಿ ಹಿಂದಿನದರ ಮೇಲೆ ಅರ್ಧ ಇಂಚು ಹತ್ತಿಸಿ. ತೇಪೆಯ ಒಳಬದಿಯನ್ನು ಮಾತ್ರ ಮಡಚದೆ ಬಿಡಿ. ಅದನ್ನು ಮುಂದಿನ ಸುತ್ತಿನ ತೇಪೆ ಮುಚ್ಚುತ್ತದೆ. ಹೀಗೆ ನಾಲ್ಕೂ ಅಂಚು ಸುತ್ತಿ, ಬೆರಳಗಲ ಬಿಟ್ಟು ಮತ್ತೊಂದು ಸಾಲು, ಮತ್ತೊಂದು ಸುತ್ತು, ನಡುವಿನವರೆಗೆ. ಕಟ್ಟಕಡೆಯ ತೇಪೆಗೆ ನಾಲ್ಕು ಬದಿಯೂ ಮಡಿಕೆ.

ಇದರಲ್ಲಿ ಪೂರ್ವಯೋಜಿತ ನಕ್ಷೆ ಬೇಕಿಲ್ಲ. ಕೈಗೆ ಬಂದ ತುಂಡಿನ ಬಣ್ಣ ನೋಡಿ ಮುಂದಿನದು ತೀರ್ಮಾನವಾಗುತ್ತದೆ. ಸಮಮಿತಿ ಇಲ್ಲ ಎಂಬುದನ್ನು ಕೊರತೆಯೆಂದು ಬರೆಯುವವರಿದ್ದಾರೆ, ಅದು ತಪ್ಪು ಓದು. ದೊಡ್ಡ ತೇಪೆಗಳ ಮೇಲೆ ಕೂರಿಸುವ ಗಾಢ ಬಣ್ಣದ ಪುಟ್ಟ ಚೂರುಗಳು, ಅಂದರೆ ಟಿಕೇಲಿ, ಕಣ್ಣನ್ನು ಒಂದೆಡೆ ನಿಲ್ಲಗೊಡುವುದಿಲ್ಲ. ಆ ಲಯ ಬೇಕೆಂದೇ ತಂದದ್ದು.

ಕಲಿಯುವವರಿಗೆ ಹೆಚ್ಚು ಕಾಡುವುದು ನಡುವಿನ ಉಬ್ಬು. ಹೊರಗಿನ ಸುತ್ತಿನಲ್ಲಿ ದಾರವನ್ನು ಬಿಗಿಯಾಗಿ ಎಳೆದರೆ ಅಂಚು ಕುಗ್ಗುತ್ತದೆ; ಮಿಕ್ಕ ಸಡಿಲ ಬಟ್ಟೆಗೆ ಹೋಗಲು ಜಾಗವಿಲ್ಲದೆ ಮಧ್ಯದಲ್ಲಿ ಗುಡ್ಡೆಯಾಗುತ್ತದೆ. ನಾಲ್ಕೈದು ಹೊಲಿಗೆಗೊಮ್ಮೆ ಬಟ್ಟೆಯನ್ನು ನೆಲಕ್ಕೆ ಹರವಿ ಅಂಗೈಯಿಂದ ಸವರಿ, ದಾರವನ್ನು ತುಸು ಸಡಿಲಿಸಿ. ಮೊದಲ ಸಲ ಎರಡು ಕರ್ಣಗಳಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಂಡರೆ ಪದರ ಜಾರುವುದಿಲ್ಲ, ಕೊನೆಗೆ ಬಿಚ್ಚಿಬಿಡಬಹುದು. ಜೋಡಿ ಎಳೆಯ ದಾರ ಮೊಳ ಒಂದೂವರೆಗಿಂತ ಉದ್ದವಿದ್ದರೆ ಸಿಕ್ಕಾಗುತ್ತದೆ.

ನಾಲ್ಕು ಮೂಲೆಗಳಿಗೆ ಫೂಲ, ಅಂದರೆ ಬಟ್ಟೆಯ ಹೂವು. 3 ಇಂಚಿನ ಚೌಕವನ್ನು ಕರ್ಣಕ್ಕೆ ಎರಡು ಸಲ ಮಡಚಿದರೆ ಪದರ ಪದರದ ತ್ರಿಕೋನ. ಅದರ ಚೂಪು ಹೊರಗೆ, ಬಿಡಿ ಅಂಚು ಪದರಗಳ ಒಳಗೆ. ಒಳಗೆ ಸಾಕಷ್ಟು ಸೇರದಿದ್ದರೆ ಒಗೆಯುವಾಗ ಕಿತ್ತು ಬರುತ್ತದೆ. ಉಪಯೋಗದ ದೃಷ್ಟಿಯಿಂದ ಫೂಲಕ್ಕೆ ಕೆಲಸವೇನೂ ಇಲ್ಲ, ಆದರೂ ಅದಿಲ್ಲದ ಕೌದಿಯನ್ನು ಸಿದ್ದಿ ಹೆಂಗಸರು ಬೆತ್ತಲೆ ಎನ್ನುತ್ತಾರೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣಬಹುದು. ಫೂಲ ಮಾತ್ರ ಎಲ್ಲರಿಗೂ ಸೇರಿದ್ದು. ಧರ್ಮದ ಗುರುತು ಮತ್ತು ಸಮುದಾಯದ ಗುರುತು ಒಂದೇ ಬಟ್ಟೆಯ ಮೇಲೆ ಬೇರೆಬೇರೆಯಾಗಿ ಓದಲು ಸಿಗುವುದು ಇಲ್ಲೇ. ಪ್ರಬಂಧದಲ್ಲಿ ಇದಕ್ಕೆ ಹೆಚ್ಚು ಜಾಗ ಕೊಡಿ.

ಹಳೆಯ ಕೌದಿಯೊಂದನ್ನು ದಾಖಲಿಸುವಾಗ ನಾಲ್ಕೂ ಬದಿ ಮಡಚಿದ ತೇಪೆಯನ್ನು ಮೊದಲು ಹುಡುಕಿ. ಸಾಮಾನ್ಯವಾಗಿ ಅದೇ ಕೊನೆಯದು. ಯಾವುದರ ಮೇಲೆ ಯಾವುದು ಹತ್ತಿದೆ ಎಂದು ನೋಡುತ್ತ ಹಿಂದಕ್ಕೆ ಬಂದರೆ ಶುರುವಾದ ಮೂಲೆ ಸಿಗುತ್ತದೆ. ಹರಿದಲ್ಲಿ ಆಮೇಲೆ ಹಾಕಿದ ತೇಪೆಗೂ ನಾಲ್ಕು ಬದಿ ಮಡಿಕೆ ಇರಬಹುದು, ಆದರೆ ಅದರ ಹೊಲಿಗೆ ಸುತ್ತಿನ ಸಾಲಿಗೆ ಕೂಡಿಕೊಳ್ಳುವುದಿಲ್ಲ.