ಫಿಲ್ಟರ್ ನೀರೇನೋ ಸರಿ, ಕ್ಯಾನ್ ತೊಳೆದದ್ದು ಯಾವಾಗ?

‘ನಾವು ಫಿಲ್ಟರ್ ನೀರೇ ಕುಡಿಯೋದು ಸಾರ್.’ ವಾಂತಿ-ಭೇದಿಯಿಂದ ಬಾಡಿಹೋದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೆಚ್ಚುಕಡಿಮೆ ಎಲ್ಲರೂ ನನಗೆ ಹೇಳುವ ಮಾತಿದು.

ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುಗಟ್ಟಿದವರನ್ನು, ಬೆನ್ನು ಬಾಗಿದವರನ್ನು ನೋಡುತ್ತಲೇ ಬೆಳೆದ ಜನಕ್ಕೆ ಊರಿನ ಶುದ್ಧ ನೀರಿನ ಘಟಕ ದೊಡ್ಡ ಆಸರೆ. ಘಟಕದ ಮೇಲೆ ನನ್ನ ತಕರಾರಿಲ್ಲ. ತಕರಾರೆಲ್ಲ ಆ 20 ಲೀಟರ್ ಕ್ಯಾನಿನ ಮೇಲೆ.

ಕಳೆದ ಮಳೆಗಾಲದಲ್ಲಿ ಅಜ್ಜಿಯೊಬ್ಬರು ಮೊಮ್ಮಗನನ್ನು ಒಂದೇ ತಿಂಗಳಲ್ಲಿ ಮೂರು ಸಲ ಕರೆತಂದರು. ‘ನಾಳೆ ಬರುವಾಗ ಕ್ಯಾನೂ ತನ್ನಿ’ ಎಂದೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ತಿಳಿಹಸಿರು ಪಾಚಿ. ಬಾಯೊಳಗೆ ಬೆರಳಾಡಿಸಿದರೆ ಬೆಂಡೆಕಾಯಿ ಲೋಳೆಯಂತೆ ಜಾರುತ್ತಿತ್ತು. ಮನೆಯ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗುವ ಹೆಂಗಸು ಅವರು. ‘ಇದರೊಳಕ್ಕೆ ಕೈ ಹೋಗಲ್ವಲ್ಲ ಸಾಮಿ. ಹಾಕೋದೂ ಫಿಲ್ಟರ್ ನೀರೇ ಅಲ್ವಾ?’ ಎಂದರು.

ಎಡವಟ್ಟಾಗುವುದು ಇಲ್ಲೇ. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ಅದರ ಅಂಶ ಒಂದಿಷ್ಟು ಉಳಿದು ಕಾವಲು ಕಾಯುತ್ತದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದು ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ಘಟಕದ ನೀರಿಗೆ ಸಾಮಾನ್ಯವಾಗಿ ಆ ಕಾವಲು ಇರುವುದಿಲ್ಲ. ಯಂತ್ರದಿಂದ ಹೊರಬಿದ್ದ ಮೇಲೆ ಅದು ಕಾಪಿಲ್ಲದ ನೀರು. ಕೊಳಕು ಕ್ಯಾನಿಗೆ ಬಿದ್ದರೆ ಕೆಡುತ್ತದೆ, ಪಾತ್ರೆಗೆ ಸುರಿದುಕೊಂಡ ಮೇಲೆ ಕೈ ಅದ್ದಿ ಲೋಟ ಮುಳುಗಿಸಿದರೂ ಕೆಡುತ್ತದೆ. ಒಂದಿಷ್ಟು ನೀರು ಹಾಕಿ ಗಲಗಲ ಕುಲುಕಿ ಚೆಲ್ಲಿದರೆ ತೊಳೆದಂತಾಗಲಿಲ್ಲ, ದಯವಿಟ್ಟು ಇದೊಂದನ್ನು ಕೇಳಿಸಿಕೊಳ್ಳಿ. ಲೋಳೆ ಗೋಡೆಗೆ ಕಚ್ಚಿಕೊಂಡಿರುತ್ತದೆ, ಉಜ್ಜಿದರೆ ಮಾತ್ರ ಬಿಡುತ್ತದೆ. ಉದ್ದ ಹಿಡಿಯ ಬ್ರಷ್ ಇಲ್ಲದಿದ್ದರೆ ಒಂದು ಹಿಡಿ ಕಲ್ಲುಪ್ಪು, ಸೋಪಿನ ನೀರು ಹಾಕಿ ಜೋರಾಗಿ ಕುಲುಕಿ, ಚೆನ್ನಾಗಿ ಜಾಲಾಡಿ, ಬೋರಲು ಹಾಕಿ ಒಣಗಿಸಿ. ಪಾತ್ರೆಯಿಂದ ಕುಡಿಯಲು ತೋಡಿಕೊಳ್ಳುವುದಕ್ಕೆ ಉದ್ದ ಹಿಡಿಯ ಸೌಟು ಇರಲಿ.

ಎಲ್ಲ ಭೇದಿಗೂ ಕ್ಯಾನೇ ಕಾರಣ ಅನ್ನುತ್ತಿಲ್ಲ. ಚರಂಡಿ ನೀರು ಪೈಪಿಗೆ ಸೇರಿದ್ದರೆ ಮನೆಯವರೇನು ಮಾಡಿಯಾರು? ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಕ್ಯಾನಿನ ವಿಚಾರ ಆಮೇಲೆ, ಮೊದಲು ಆಸ್ಪತ್ರೆಗೆ ಬನ್ನಿ. ದಾರಿಯುದ್ದಕ್ಕೂ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುತ್ತಿರಿ.

ಆ ಅಜ್ಜಿ ಮೊನ್ನೆ ಸಿಕ್ಕಿದ್ದರು. ಕೋಲಿನ ತುದಿಗೆ ತೆಂಗಿನ ನಾರು ಕಟ್ಟಿಕೊಂಡು ಉಜ್ಜುತ್ತಾರಂತೆ. ‘ಮುಚ್ಚಳದ ತಿರುಪಿನೊಳಗೂ ಕೊಳೆ ಕೂತಿರ್ತದೆ ಸಾಮಿ, ಅದನ್ನ ನೀವು ಹೇಳಲೇ ಇಲ್ಲ’ ಎಂದರು.